ಮಣ್ಣಿನೊಡೆಯರ ಮನೆಯ ಹುಡುಗಿ

ನೀರು ಬರುವ ಮೊದಲು ನಲ್ಲಿಯ ಗಂಟಲು ಗೊರಗೊರ ಅನ್ನುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಬಾರೋ ನದಿಯ ಈಚೆಯ ನಿರಾಶ್ರಿತರ ಶಿಬಿರದ ಹೆಂಗಸರೆಲ್ಲ ಹಳದಿ ಕ್ಯಾನು ಎತ್ತಿಕೊಂಡು ಓಡಿಬರುತ್ತಾರೆ. ಅವರನ್ನು ಸಾಲಿನಲ್ಲಿ ನಿಲ್ಲಿಸುವುದು, ಜಗಳ ಬಿಡಿಸುವುದು, ಪಂಪಿನ ಸೋಲಾರ್ ಹಲಗೆಗಳ ಧೂಳು ಒರೆಸುವುದು ನ್ಯಾಗೋವಾಳ ಕೆಲಸ. ಹದಿನಾರರ ಹುಡುಗಿ. ಉದ್ದ ಕಾಲು, ಕಡಿಮೆ ಮಾತು. ಅಪ್ಪ ಅವ್ವ ಯುದ್ಧದಲ್ಲಿ ಹೋದ ಮೇಲೆ ಅವಳಿಗೆ ಅಜ್ಜಿ, ಅಜ್ಜಿಗೆ ಅವಳು.

ನಲ್ಲಿಯ ಕಂಬಕ್ಕೆ ಸರಪಳಿಯಲ್ಲಿ ಒಂದು ಸ್ಟೀಲ್ ಲೋಟ ಕಟ್ಟಿದ್ದರು. ಶಿಬಿರ ನಡೆಸುವವರ ಮಟ್ಟಿಗೆ ಅದೊಂದು ಉಪಕಾರ. ದನ ಸಾಕಿ ಬದುಕಿದ ನುಯೆರ್ ಜನಾಂಗದ ಮುದುಕಿಯರು ಮಾತ್ರ ಅದನ್ನು ಮುಟ್ಟದೆ ಬೊಗಸೆಯಲ್ಲೇ ಕುಡಿಯುವರು. ಕೊಂದವನ ಮನೆಯವರಿಗೂ ಸತ್ತವನ ಮನೆಯವರಿಗೂ ನಡುವೆ ಕಣ್ಣಿಗೆ ಕಾಣದ ಒಂದು ಮೂಳೆ ಇರುತ್ತದೆ; ದನ ಕೊಟ್ಟು ಶಾಂತಿಯಾಗುವ ತನಕ ಅವರು ಒಂದೇ ಪಾತ್ರೆಯಲ್ಲಿ ಉಂಡರೆ, ಕುಡಿದರೆ, ಸಾವು ಬರುತ್ತದೆ. ಓಡುತ್ತ ಓಡುತ್ತ ಬೆಳೆದ ಮಕ್ಕಳಿಗೆ ಯಾರ ಜೊತೆ ಉಣ್ಣಬಾರದೆಂದು ಹೇಳಿಕೊಡಲು ಹೆಚ್ಚಿನ ಮನೆಗಳಲ್ಲಿ ಹಿರಿಯರೇ ಉಳಿದಿರಲಿಲ್ಲ.

ಈಚೆಗೆ ಆ ಮಕ್ಕಳಿಗೆ ಏನೇನೋ ಆಗತೊಡಗಿತ್ತು. ರುವಾಚ್‌ನ ವಂಶದವರು ಹಿಂದೆ ಮೊಸಳೆಗಳನ್ನು ಒಲಿಸಿಕೊಂಡವರು. ಈಗ ಅವನು ಸಿಳ್ಳೆ ಹಾಕಿದರೆ, ಜೋಳ ಹೊತ್ತು ಬರುವ ಡ್ರೋನ್ ಹಾರುಬಂಡಿಗಳು ನಡು ಆಕಾಶದಲ್ಲಿ ತಡವರಿಸಿ ಅವನ ಕಾಲ ಬಳಿ ಬಂದು ಇಳಿಯುತ್ತಿದ್ದವು. ಮುದುಕರಿಗೆ ಇದು ಸೋಜಿಗವಾಗಿರಲಿಲ್ಲ. ವಂಶದ ನೆತ್ತರು ನದಿ ದಾಟಿ ಬಂದಿದೆ, ಇಲ್ಲಿ ಸಿಕ್ಕಿದ್ದನ್ನು ಪಳಗಿಸುತ್ತಿದೆ ಅಂದುಕೊಂಡರು.

ನ್ಯಾಗೋವಾಳ ಅಜ್ಜ ಮಣ್ಣಿನೊಡೆಯ. ಚಿರತೆಯ ಚರ್ಮ ಹೊದ್ದು, ಕೊಲೆ ಮಾಡಿ ಓಡಿಬಂದವನಿಗೆ ಮನೆಯಲ್ಲಿ ಆಸರೆ ಕೊಟ್ಟು, ಎರಡು ಮನೆಗಳ ನಡುವಿನ ಮೂಳೆ ತೆಗೆಯುತ್ತಿದ್ದವನು. ಮೊಮ್ಮಗಳಿಗೆ ಏನೂ ಬಂದಿರಲಿಲ್ಲ.

"ನಿಂಗೆ ಬಂದಿರೋದು ಅಜ್ಜನ ಮೂಗು ಮಾತ್ರ," ಎಂದು ರುವಾಚ್ ಛೇಡಿಸುವನು.

ಒಂದು ಬೆಳಗ್ಗೆ ರುವಾಚ್ ಅರ್ಧ ಕುಡಿದ ಲೋಟವನ್ನು, ಹಿಂದೆ ನಿಂತಿದ್ದ ಗೆಳೆಯ ಚುವೊಲ್‌ಗೆ ಕೊಡೆಂದು ಅವಳ ಕೈಗಿಟ್ಟ. ಅವಳ ಬೆರಳುಗಳ ನಡುವೆ ತಣ್ಣೀರು ಕೊತಕೊತ ಕುದಿಯಿತು.

"ಏನೇ, ನನ್ ಮುಖ ನೋಡಿ ನೀರಿಗೂ ಬಿಸಿಯೇರ್ತಾ?" ಎನ್ನುತ್ತ ಚುವೊಲ್ ಲೋಟ ಕಸಿದುಕೊಂಡ. ಅವನ ಕೈಯಲ್ಲಿ ಅದು ತಣ್ಣಗಿತ್ತು. ಗಟಗಟ ಕುಡಿದ.

ಮಾರನೆಯ ದಿನ ಅವನು ಚಾಪೆಯಿಂದ ಏಳಲಿಲ್ಲ. ಮೈ ಊದಿತ್ತು. ದವಾಖಾನೆಯ ಮದ್ದು ಗಂಟಲಲ್ಲಿ ಇಳಿಯಲಿಲ್ಲ. ನ್ಯಾಗೋವಾ ಅವನನ್ನು ನೋಡಿದವಳೇ, ಕೈಯಲ್ಲಿ ಕುದಿದ ನೀರು ನೆನಪಾಗಿ, ನೇರ ರುವಾಚ್‌ನನ್ನು ಹುಡುಕಿಕೊಂಡು ಹೋದಳು. ಅವನು ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದ.

"ನಿಮ್ಮಿಬ್ಬರ ನಡುವೆ ಮೂಳೆ ಇದೆ. ಗೊತ್ತಿತ್ತಾ ನಿಂಗೆ?"

ರುವಾಚ್ ಹೆಬ್ಬೆರಳಿಂದ ಮಣ್ಣು ಕೆದಕಿದ. "ಚುವೊಲ್‌ನ ಅಪ್ಪಂಗೆ ಈಟಿ ಎಸೆದು ಕೊಂದೋನು ನಮ್ಮಣ್ಣ. ತಾನು ಸಾಯೋ ಮುಂಚೆ ಅಣ್ಣನೇ ಹೇಳಿದ."

"ಗೊತ್ತಿದ್ದೂ ಒಂದೇ ತಟ್ಟೇಲಿ ಉಂಡ್ಯಾ?"

"ಇನ್ಯಾರ ತಟ್ಟೇಲಿ ಉಣ್ಲಿ? ನಂಗಿರೋದು ಅವನೊಬ್ನೇ. ಬಾಯಿಬಿಟ್ರೆ ಅವನ ಚಿಕ್ಕಪ್ಪಂದಿರು ನನ್ನ ಕೊಲ್ತಾರೆ. ಕೊಲ್ಲದೆ ಬಿಟ್ರೆ ಸತ್ತೋನಿಗೆ ಮುಖ ತೋರ್ಸೋಕಾಗಲ್ಲ ಅವರಿಗೆ."

"ಬಾಯಿ ಮುಚ್ಕೊಂಡ್ರೆ ಚುವೊಲ್ ಸಾಯ್ತಾನೆ."

"ಅದೂ ಗೊತ್ತು."

ಅವಳು ಅವನ ತೋಳು ಹಿಡಿದೆಳೆದಳು. "ಎದ್ದೇಳು. ನಮ್ಮನೇಲಿ ಬಂದು ಕೂತ್ಕೋ," ಎಂದಳು.

ಗುಡಿಸಲ ಸುತ್ತ ಅವಳು ಗುದ್ದಲಿಯ ತುದಿಯಿಂದ ಗೆರೆ ಎಳೆದಳು. ಎಳೆದಂತೆಲ್ಲ ಮಣ್ಣು ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು. ಅಂಗಳದ ಕೋಳಿಗಳು ಗೆರೆಯ ತನಕ ಬಂದು ಹಿಂದೆ ಸರಿದವು. ಒಲೆಯ ಮುಂದೆ ಜೋಳದ ಗಂಜಿ ತಿರುವುತ್ತಿದ್ದ ಅಜ್ಜಿ ತಲೆಯೆತ್ತಿದಳು.

"ಏನೇ ಇದು?"

"ಮಣ್ಣಿನೊಡೆಯರ ಮನೆ ಹೊಕ್ಕವನನ್ನ ಯಾರೂ ಮುಟ್ಟೋ ಹಾಗಿಲ್ಲ ಅಲ್ವಾ, ಅಜ್ಜಿ?" ಎಂದು ಆರಂಭಿಸಿ ನ್ಯಾಗೋವಾ ಎಲ್ಲವನ್ನೂ ಹೇಳಿದಳು.

"ಮನೆ ಅಂತೆ ಮನೆ. ಪ್ಲಾಸ್ಟಿಕ್ ಹೊದಿಕೆ ಕಣೇ ಇದು, ಗಾಳಿ ಬೀಸಿದ್ರೆ ಇದಕ್ಕೇ ಆಸರೆ ಬೇಕು. ನಿಮ್ಮಜ್ಜನ ಚಿರತೆ ಚರ್ಮ ಊರಿನ ಜೊತೆ ಸುಟ್ಟುಹೋಯ್ತು. ಮೇಲಾಗಿ ಇದು ಗಂಡಸರ ಕೆಲಸ."

"ನಮ್ಮನೇಲಿ ಗಂಡಸರು ಯಾರು ಉಳಿದಿದಾರೆ?"

ಅಜ್ಜಿಯ ಸೌಟು ನಿಂತಿತು. ಗೆರೆಯೊಳಗೆ ಮೊಣಕಾಲು ತಬ್ಬಿ ಕೂತಿದ್ದ ರುವಾಚ್‌ನನ್ನು ನೋಡಿದಳು.

"ಶಾಂತಿಗೆ ದನ ಬೇಕು. ಈ ಶಿಬಿರದಲ್ಲಿ ಒಂದು ಬಾಲವೂ ಇಲ್ಲ."

"ದನ ಆಮೇಲೆ ನೋಡೋಣ. ಮೊದಲು ವಿಷಯ ಎಲ್ಲರೆದುರು ಹೇಳ್ಬೇಕು, ಎರಡು ಮನೆ ಪಾತ್ರೆ ಬೇರೆ ಆಗ್ಬೇಕು. ಆಗ ಚುವೊಲ್ ಉಳೀತಾನೆ."

"ಅವನ ಚಿಕ್ಕಪ್ಪಂದಿರು ನಿನ್ನ ಮಾತು ಕೇಳದಿದ್ರೆ?"

"ಕೇಳದವರು ಈ ಗೆರೆ ದಾಟಿ ನೋಡ್ಲಿ."

ರುವಾಚ್ ಎದ್ದು ನಿಂತ. "ನಾನೂ ಬರ್ತೀನಿ. ನನ್ನ ಬಾಯಿಂದ್ಲೇ ಕೇಳ್ಲಿ ಚುವೊಲ್."

"ನೀನು ಕೂತ್ಕೋ, ಮೊಸಳೆಮರಿ," ಎಂದಳು ಅಜ್ಜಿ, ಅವನ ಕೈಗೆ ಸೋರೆಬುರುಡೆಯಲ್ಲಿ ಗಂಜಿ ಕೊಡುತ್ತ. "ಅದನ್ನ ಇನ್ನು ಬೇರೆ ಯಾರಿಗೂ ಕೊಡ್ಬೇಡ." ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಹಿರಿ ಚಿಕ್ಕಪ್ಪನ ಹತ್ರ ಮಾತಾಡು. ಕಿರಿಯೋನು ಒಣಹುಲ್ಲು, ಬೇಗ ಹತ್ಕೊಳ್ತಾನೆ. ನಿಂತ್ಕೊಂಡು ಮಾತಾಡ್ಬೇಡ, ನೆಲದ ಮೇಲೆ ಕೂತ್ಕೊಂಡು ಹೇಳು. ಒಂದು ಹಿಡಿ ಮಣ್ಣು ಕೈಯಲ್ಲಿರ್ಲಿ, ನಿಮ್ಮಜ್ಜ ಹಾಗೇ ಮಾಡ್ತಿದ್ದ. ಆಮೇಲೆ, ಅವರು ಏನಾದ್ರೂ ಈಟಿ..."

ನ್ಯಾಗೋವಾ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡು, ಅಜ್ಜಿಯ ಮಾತು ಮುಗಿಯುವ ಮೊದಲೇ ಗೆರೆ ದಾಟಿ ಚುವೊಲ್‌ನ ಮನೆಯತ್ತ ನಡೆದಿದ್ದಳು.