ತರ್ಜುಮೆಯ ಬೇರು ಹುಡುಕಿ ಘಾಜಿಯಾಬಾದಿಗೆ

ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಣೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆ. ನವೆಂಬರಿನ ಹೊಗೆಗೆ ಗಂಟಲು ಕೆರೆಯುತ್ತಿತ್ತು. "ಒಂದು ಪದಕ್ಕೋಸ್ಕರ ಅಷ್ಟು ದೂರ ಹೋಗ್ತೀಯಾ? ಅಚ್ಛಾ, ಮಾಸ್ಕ್ ಮರೀಬೇಡ," ಎಂದಳು ಜೊತೆಗಿರುವ ಸುನೀತಾ, ಪರೀಕ್ಷೆಯ ನೋಟ್ಸಿನಿಂದ ತಲೆ ಎತ್ತದೆ.

ಆ ಪದ ತರ್ಜುಮೆ. ಅನುವಾದಕ್ಕೆ ಈ ಹೆಸರು ಕನ್ನಡಕ್ಕೆ ಎಲ್ಲಿಂದ ಬಂತೆಂಬ ಅಧ್ಯಾಯದಲ್ಲಿ ನನ್ನ ಪಿಎಚ್‌ಡಿ ಎರಡು ವರ್ಷದಿಂದ ಸಿಕ್ಕಿಕೊಂಡಿತ್ತು. ಉರ್ದು, ಫಾರಸಿ, ಅರಬ್ಬಿಯವರೆಗೆ ಹೋಗಿದ್ದೆ; ಅಲ್ಲಿಂದಾಚೆಗೆ ದಾರಿ ಕಾಣಲಿಲ್ಲ. ಈ ತಿಂಗಳು ಅಧ್ಯಾಯ ಕೊಡದಿದ್ದರೆ ಫೆಲೋಶಿಪ್ ನಿಲ್ಲುತ್ತದೆ ಎಂದು ಗೈಡ್ ಹೇಳಿಯಾಗಿತ್ತು.

ಕರೋಲ್ ಬಾಗಿನಲ್ಲಿ ಅವಸರಕ್ಕೆ ನೋಯ್ಡಾ ಮೆಟ್ರೊ ಹತ್ತಿಬಿಟ್ಟೆ. ದಾರಿ ಕವಲೊಡೆಯುವ ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಇಳಿದು ಘಾಜಿಯಾಬಾದಿನ ವೈಶಾಲಿಗೆ ಹೋಗುವ ಗಾಡಿ ಹಿಡಿದೆ; ಕೊನೆಯ ನಿಲ್ದಾಣದವರೆಗೂ ನಿಂತೇ ಪಯಣ. ಅಲ್ಲಿಂದ ಶೇರ್ ಆಟೊಗೆ ಇಪ್ಪತ್ತು ರೂಪಾಯಿ.

ನಿವೃತ್ತ ಅರಬ್ಬಿ ಮೇಷ್ಟ್ರು ಅನ್ಸಾರಿ ಸಾಹೇಬರ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಫೋನಿನಲ್ಲಿ ನನಗೆ ಬರಲು ಹೇಳಿದ್ದ ಮಗಳು ರುಖ್ಸಾನಾ ಬಾಗಿಲು ತೆರೆದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: "ಅಬ್ಬಾಗೆ ಲಕ್ವ ಹೊಡೆದಿದೆ. ಅವರ ಮಾತು ನನಗೊಬ್ಬಳಿಗೇ ತಿಳಿಯೋದು. ಫೋನಿನಲ್ಲಿ ಹೇಳಿದರೆ ಯಾರೂ ಬರೋದಿಲ್ಲ, ಅದಕ್ಕೇ ಹೇಳಲಿಲ್ಲ." ಮರಳಿ ಮೆಟ್ಟಿಲಿಳಿಯುವ ಶಕ್ತಿಯೂ ನನಗಿರಲಿಲ್ಲ. ಕುಳಿತೆ.

ಪ್ರಶ್ನೆ ಕೇಳುತ್ತಲೇ ಸಾಹೇಬರು ಚುರುಕಾದರು. ಆದರೆ ಬಾಯಿಂದ ಬಂದದ್ದು ಬರೀ ತೊದಲು. "ನೀರು ಬೇಕಂತೆ," ಎಂದು ರುಖ್ಸಾನಾ ಎದ್ದಳು. ಅವರು ಸಿಟ್ಟಿನಿಂದ ತಲೆಯಾಡಿಸಿ ಅವಳತ್ತ ಬೆರಳು ತೋರಿಸಿದರು. ನಾನು ಪೆನ್ನು, ಹಾಳೆ ಕೊಟ್ಟೆ. ಎಡಗೈಯಲ್ಲಿ ಬಹಳ ಹೊತ್ತು ಬರೆದರು.

"ತರ್ಜುಮಾನ್," ಎಂದು ಅವಳು ಓದಿದಳು. ಅಂದರೆ ದುಭಾಷಿ. ಅವರ ತೊದಲನ್ನೂ ಬರಹವನ್ನೂ ತುಣುಕು ತುಣುಕಾಗಿ ಜೋಡಿಸಿ ಅವಳು ತಿಳಿಸಿದ್ದು ಇಷ್ಟು: ಅರಬ್ಬಿಗಿಂತ ಎಷ್ಟೋ ಹಿಂದೆ, ಪ್ರಾಚೀನ ಇರಾಕಿನ ಅಕ್ಕಾಡಿಯನ್ ಭಾಷೆಯ ಮಣ್ಣಿನ ಹಲಗೆಗಳಲ್ಲಿ ಈ ಪದ ಸಿಗುತ್ತದೆ. ಅಲ್ಲಿರುವುದು ಕೆಲಸದ ಹೆಸರಲ್ಲ, ಕೆಲಸ ಮಾಡುವವನ ಹೆಸರು. ಇಬ್ಬರ ನಡುವೆ ನಿಂತು ಮಾತು ದಾಟಿಸುವ ಮನುಷ್ಯ ಮೊದಲು ಬಂದ, ತರ್ಜುಮೆ ಆಮೇಲೆ.

"ಎರಡು ವರ್ಷದಿಂದ ನಾನೂ ಅದನ್ನೇ ಮಾಡ್ತಿದ್ದೀನಿ, ದೀದಿ," ಎಂದಳು ರುಖ್ಸಾನಾ. "ಸಾಕಾಗಿದೆ." ಸಾಹೇಬರು ಕಣ್ಣು ಮುಚ್ಚಿಕೊಂಡರು. ಅವರಿಗೆ ಕೇಳಿಸಿತ್ತು. ಅದು ಅವಳಿಗೂ ಗೊತ್ತಾಯಿತು. ಹೋಗಿ ಅವರ ಶಾಲು ಸರಿಪಡಿಸಿದಳು.

ಹೊರಡುವಾಗ ಸಾಹೇಬರು ನನ್ನ ಕೈ ಹಿಡಿದು ಉದ್ದಕ್ಕೆ ಏನೋ ಹೇಳಿದರು. ನಾನು ರುಖ್ಸಾನಾಳ ಮುಖ ನೋಡಿದೆ.

"ಇದು ನನಗೂ ತಿಳೀಲಿಲ್ಲ," ಎಂದಳು.

ಅಧ್ಯಾಯಕ್ಕೆ ಬೇಕಾದ ಎಳೆ ಸಿಕ್ಕಿತ್ತು. ಆದರೂ ಗೇಟಿನ ಬಳಿ ನಿಂತು ತಿರುಗಿ ನೋಡಿದೆ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ, ಹೊಗೆಯಲ್ಲಿ ಮಸುಕಾಗಿ, ಅವಳು ಅವರ ಗಾಲಿಕುರ್ಚಿಯ ಪಕ್ಕ ಬಗ್ಗಿ, ಆ ಕೊನೆಯ ಮಾತು ಏನೆಂದು ಮತ್ತೆ ಮತ್ತೆ ಕೇಳುತ್ತಿದ್ದಂತಿತ್ತು.