ಅರ್ಧ ಮೀಸೆ

ಆ ಕ್ಷೌರಿಕನನ್ನು ನಾನು ಮೊದಲು ಕಂಡ ದಿನ ಅವನ ಕುರ್ಚಿಯಲ್ಲಿ ದಪ್ಪ ಮೀಸೆಯವನೊಬ್ಬ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹರಿತವಾದ ಕತ್ತಿ ಗಂಟಲ ಮೇಲೆ ಆಡುತ್ತಿದ್ದರೂ ಅವನಿಗೆ ಪರಿವೆಯೇ ಇರಲಿಲ್ಲ. "ನಮ್ಮಣ್ಣ. ವಾರಕ್ಕೊಂದು ನಿದ್ದೆ ಇಲ್ಲೇ," ಎಂದು ಕ್ಷೌರಿಕ ಪಿಸುಗುಟ್ಟಿದ.

ಅಣ್ಣ ಬಸ್ ಡಿಪೋದಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅವನದು ಒಂದು ಪಕ್ಷ, ತಮ್ಮನದು ಇನ್ನೊಂದು. ರಸ್ತೆಯಲ್ಲಿ ಎದುರಾದರೆ ಹಾವು ಮುಂಗುಸಿ. ಒಬ್ಬರ ಮನೆಗೊಬ್ಬರು ಹೋಗುವುದು ನಿಂತು ಮೂರು ವರ್ಷವಾಗಿತ್ತು. ಆದರೂ ಭಾನುವಾರ ಬೆಳಿಗ್ಗೆ ಅಣ್ಣ ಬಂದು ಕೂರುವುದು ಮಾತ್ರ ತಪ್ಪಿರಲಿಲ್ಲ. ಕತ್ತಿ ಕೈಯಲ್ಲಿರುವಾಗ ರಾಜಕೀಯ ಎತ್ತಕೂಡದು ಎಂಬುದು ಅಂಗಡಿಯ ಕಟ್ಟಳೆ. ತಮ್ಮ ಕಸುಬು ಕಲಿತದ್ದೇ ಅಣ್ಣನ ಕೆನ್ನೆಯ ಮೇಲೆ. ಆಗ ಆದ ಗಾಯ ಎಡಗೆನ್ನೆಯಲ್ಲಿ ಕಲೆಯಾಗಿ ಉಳಿದಿತ್ತು. ಅಲ್ಲಿಗೆ ಬಂದಾಗ ಕಲೆಗೆ ತಾಗದಂತೆ ತಮ್ಮನ ಕೈ ತಾನಾಗಿಯೇ ಓರೆಯಾಗುತ್ತಿತ್ತು. ಇಬ್ಬರ ನಡುವೆ ಉಳಿದಿದ್ದ ನಂಟೆಂದರೆ ಆ ಅರ್ಧ ಗಂಟೆ.

ಆ ಸಲದ ಚುನಾವಣೆಗೆ ಮುಂಚೆ ಅಣ್ಣ ಟೀ ಅಂಗಡಿಯಲ್ಲಿ ಹತ್ತು ಜನರೆದುರು ಎದೆ ತಟ್ಟಿ, ನಮ್ಮವರು ಸೋತರೆ ಅರ್ಧ ಮೀಸೆ ಬೋಳಿಸಿಕೊಂಡು ಓಡಾಡುತ್ತೇನೆ ಎಂದುಬಿಟ್ಟ. ಸೋತರು, ತಮ್ಮನ ಪಕ್ಷ ಗೆದ್ದಿತು. ಆದರೂ ಭಾನುವಾರ ಎಂದಿನಂತೆ ಬಂದ. ಬೆಂಚಿನ ಮೇಲಿದ್ದವರನ್ನು ಕಣ್ಣೆತ್ತಿಯೂ ನೋಡದೆ ತಲೆ ಹಿಂದಕ್ಕೊರಗಿಸಿದ. ನಾಲ್ಕು ದಿನದಿಂದ ಕಣ್ಣು ಮುಚ್ಚದವನಿಗೆ ನೊರೆ ಹಚ್ಚುವಷ್ಟರಲ್ಲೇ ನಿದ್ದೆ ಹತ್ತಿತು.

ಬೆಂಚಿನವರು ಶುರುಮಾಡಿದರು. ಗೆದ್ದವನಿಗೂ ಕೈ ನಡುಗುತ್ತದೆಯೇ ಎಂದೊಬ್ಬ ಕೆಣಕಿದ. "ಇವನಿಗೆ ಪಕ್ಷಕ್ಕಿಂತ ಅಣ್ಣನ ಮೀಸೆ ದೊಡ್ಡದು ಬಿಡಪ್ಪ," ಎಂದ ಇನ್ನೊಬ್ಬ. ತಮ್ಮ ಅವರನ್ನು ಬೈದು ಅಟ್ಟಬಹುದಿತ್ತು. ಆದರೆ ಗೆಲುವು ತಲೆಗೇರಿತ್ತು. ಕನ್ನಡಿಯಲ್ಲಿ ಸಾಲಾಗಿ ಕಾಯುತ್ತಿದ್ದ ಮುಖಗಳನ್ನು ನೋಡಿದ. ಮೀಸೆಯ ಒಂದು ಬದಿಗೆ ಕತ್ತಿಯಿಟ್ಟು ಒಂದೇ ಎಳೆತಕ್ಕೆ ಎಳೆದ.

ನಗುವಿನ ಸದ್ದಿಗೆ ಅಣ್ಣನಿಗೆ ಎಚ್ಚರವಾಯಿತು. ಕನ್ನಡಿ ನೋಡಿದ, ತುಟಿಯ ಮೇಲೆ ಬೆರಳಾಡಿಸಿದ. ಕಪಾಳಕ್ಕೊಂದು ಬೀಳುತ್ತದೆ, ಅಲ್ಲಿಗೆ ಮುಗಿಯುತ್ತದೆ ಎಂದು ತಮ್ಮ ಕಾದ. ಬೀಳಲಿಲ್ಲ.

"ತಮಾಷೆಗೆ ಕಣಣ್ಣ. ಕೂತ್ಕೋ, ಇನ್ನರ್ಧನೂ ತೆಗೆದು ಸರಿ ಮಾಡ್ತೀನಿ."

"ಬೇಡಪ್ಪ. ಮಾತು ಕೊಟ್ಟಿದ್ದು ಅರ್ಧಕ್ಕೇ." ಅಣ್ಣ ಹೆಗಲ ಮೇಲಿನ ಬಟ್ಟೆ ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟ. "ನಿನ್ನ ಕೈಲಿ ಕತ್ತಿ ಇದ್ರೂ ನಂಗೆ ನಿದ್ದೆ ಬರ್ತಿತ್ತು. ಇನ್ಮೇಲೆ ಬರಲ್ಲ."

ಹದಿನೈದು ದಿನ ಅರ್ಧ ಮೀಸೆಯಲ್ಲೇ ಡಿಪೋಗೆ ಹೋಗಿಬಂದ. ಡ್ರೈವರುಗಳು ಬೇಡದ ನಟ್ಟು ಬೋಲ್ಟು ಕೇಳುವ ನೆಪದಲ್ಲಿ ಕಿಟಕಿಗೆ ಬಂದು ಇಣುಕಿ ನಕ್ಕರು. ಸುದ್ದಿ ಕೇಳಿ ಕೇಳಿ ತಮ್ಮನಿಗೆ ತಡೆಯಲಾಗಲಿಲ್ಲ. ತನ್ನ ಮೀಸೆಯನ್ನೂ ಅರ್ಧ ಬೋಳಿಸಿಕೊಂಡು ಹೋಗಿ ಅಣ್ಣನ ಮನೆಯ ಬಾಗಿಲು ತಟ್ಟಿದ. ಅಣ್ಣನೇ ತೆರೆದ. ನಿಧಾನವಾಗಿ ನೋಡಿ, "ಯಾರು ಬೇಕಿತ್ತು?" ಎಂದ. ಬಂದವರು ಯಾರೆಂದು ಅತ್ತಿಗೆ ಒಳಗಿನಿಂದ ಕೇಳಿದಳು. "ಯಾರೋ, ಮನೆ ತಪ್ಪಿ ಬಂದಿದಾರೆ," ಎಂದು ಹೇಳಿ ಕದವಿಕ್ಕಿಕೊಂಡ.

ಅಂದು ಕೆಣಕಿದ ಬೆಂಚಿನವರೂ ಈಗ ಎದುರು ಸಾಲಿನ ಹೊಸ ಅಂಗಡಿಗೆ ಹೋಗುತ್ತಾರೆ. ಮಲಗಿದ ಅಣ್ಣನನ್ನೇ ಬಿಡದವನ ಕೈಗೆ ಕತ್ತು ಕೊಡುವುದು ಹೇಗೆ ಎಂಬುದು ಅವರ ಮಾತು. ಅಣ್ಣನೂ ಭಾನುವಾರ ಅಲ್ಲಿಗೇ. ಇವನು ಬರಿದಾದ ಕುರ್ಚಿಯ ಹಿಂದೆ ನಿಂತು, ಚರ್ಮದ ಪಟ್ಟಿಗೆ ಕತ್ತಿ ಮಸೆಯುತ್ತ, ಕನ್ನಡಿಯಲ್ಲಿ ಬೀದಿಯಾಚೆಗೆ ನೋಡುತ್ತಾನೆ. ಅಣ್ಣ ಕಣ್ಣು ತೆರೆದೇ ಕೂತಿರುತ್ತಾನೆ. ಅಲ್ಲಿಯವನಿಗೆ ಕಲೆಯ ಸಂಗತಿ ಗೊತ್ತಿಲ್ಲ. ವಾರವಾರವೂ ಅದೇ ಜಾಗ ಕೊಯ್ಯುತ್ತಾನೆ. ಅವನ ಕತ್ತಿ ಎಡಗೆನ್ನೆಗೆ ಬರುವಾಗ ಇಲ್ಲಿ ಇವನ ಕೈ ಓರೆಯಾಗುತ್ತದೆ.