ನಾತ ನಿಂತ ಬಾವಿ

ಭಾವನನ್ನು ಬಾವಿಯಲ್ಲಿ ಬಿಟ್ಟು ಗಂಡನನ್ನು ಉಳಿಸಿಕೊಂಡವಳು ನಾನು ಎಂದು ಅಜ್ಜಂಪುರದ ಸುತ್ತಮುತ್ತ ಇಂದಿಗೂ ಹೇಳುವವರಿದ್ದಾರೆ. ಹೇಳಲಿ. ಕಣ್ಣು ಪೂರಾ ಮಂಜಾಗುವ ಮೊದಲು ನಡೆದದ್ದನ್ನು ನನ್ನ ಕೈಯಾರೆ ಬರೆದಿಡೋಣವೆಂದು ಕೂತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ. ಅದೇ ಬಾವಿ, ಅದೇ ಬೆಳಗು ಮತ್ತೆ ಎದುರಾದರೂ ನಾನು ಮಾಡುವುದು ಅದನ್ನೇ.

ನನ್ನ ತವರು ಯಗಟಿ. ನಾನು ಹತ್ತು ವರ್ಷದವಳಿದ್ದಾಗ ಚಿಕ್ಕಪ್ಪ ಹೂಳು ತೆಗೆಯಲು ಪಾಳುಬಾವಿಯೊಂದಕ್ಕೆ ಇಳಿದ, ಮೇಲೆ ಬರಲಿಲ್ಲ. ತಮ್ಮನನ್ನು ಎತ್ತಿ ತರುತ್ತೇನೆಂದು ಅಪ್ಪ ಇಳಿದ, ಅವನೂ ಬರಲಿಲ್ಲ. ಅಪ್ಪನ ಸೊಂಟದಲ್ಲಿ ಬೆಳ್ಳಿಯ ಉಡಿದಾರವಿತ್ತು. ಯುಗಾದಿ ಹತ್ತಿರ ಬಂತೆಂದು ಹಿಂದಿನ ದಿನವಷ್ಟೇ ಅವ್ವ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದಳು. ಹೆಣ ಮೇಲೆ ಬಂದಾಗ ಅದು ಬಾಣಲೆಯ ತಳದ ಹಾಗೆ ಕರ್ರಗಾಗಿತ್ತು. ಊರವರು ಬಾವಿಯಲ್ಲಿ ಚೌಡಿ ಇದ್ದಾಳೆ ಎಂದರು. ಅವ್ವ ಮಾತ್ರ ಆ ಉಡಿದಾರವನ್ನು ಮತ್ತೆ ತಿಕ್ಕದೆ ಹಾಗೇ ಪೆಟ್ಟಿಗೆಯೊಳಗೆ ಇಟ್ಟುಕೊಂಡಳು.

ನನ್ನನ್ನು ಕೊಟ್ಟದ್ದು ಅಜ್ಜಂಪುರದ ಹತ್ತಿರದ ಮನೆಗೆ. ಮಳೆ ನಂಬಿದ ಬೆದ್ದಲು ಹೊಲ, ತೆಂಗಿನ ತೋಟ. ಮನೆಯಲ್ಲಿ ಮಾವ, ಭಾವ, ಭಾವನ ಹೆಂಡತಿ, ಅವರ ಕೈಗೂಸು, ನಾವಿಬ್ಬರು. ವಾರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಒಡಹುಟ್ಟಿದವಳೂ ಅಷ್ಟು ಅಚ್ಚುಕಟ್ಟಾಗಿ ನನ್ನ ತಲೆ ಬಾಚುತ್ತಿರಲಿಲ್ಲ. ಕಾಯಿ ಸುಲಿದ ಮಟ್ಟೆಯನ್ನು ಕೆರೆಯಂಚಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ನಾರು ತೆಗೆದು, ಹೆಂಗಸರೆಲ್ಲ ಕೂತು ಹಗ್ಗ ಹೊಸೆಯುವುದು ನಮ್ಮ ಮನೆಯ ಬೇಸಗೆಯ ಕೆಲಸ. ಹಗ್ಗ ಗಾಡಿಯಲ್ಲಿ ತರೀಕೆರೆ ಸಂತೆಗೆ ಹೋಗುತ್ತಿತ್ತು. ಆ ವರ್ಷ ಕೆರೆ ಬೇಗ ಬತ್ತಿತು. ಮಟ್ಟೆ ನೆನೆಯಲು ನೀರಿಲ್ಲವೆಂದು ಮಾವ ತೋಟದ ಮೂಲೆಯ ಹಳೇ ಬಾವಿಗೆ ಎಲ್ಲವನ್ನೂ ಸುರಿಸಿ, ತೇಲದ ಹಾಗೆ ಮೇಲೆ ಗುಂಡುಕಲ್ಲು ಹೇರಿಸಿದರು.

ತೆಗೆಯುವ ಕಾಲ ಬಂದಾಗ ಮೊದಲೆರಡು ದಿನ ಯಾರೂ ಇಳಿಯಬೇಕಾಗಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತಲು ಇರುತ್ತದಲ್ಲ, ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಪಾತಾಳಗರಡಿ, ಅದನ್ನು ರಾಟೆಯ ಹಗ್ಗಕ್ಕೆ ಕಟ್ಟಿ ಬಿಟ್ಟು ಕಲ್ಲಿನ ಸಂದಿಯಲ್ಲಿದ್ದ ಮಟ್ಟೆಯನ್ನೆಲ್ಲ ಎಳೆದರು. ದಂಡೆಯಲ್ಲಿ ಕೂತು ಬಡಿಯುತ್ತಿದ್ದವರು ಅಕ್ಕ, ನಾನು. ಕೊಳೆತ ಮೊಟ್ಟೆಯ ನಾತ. ಉಣ್ಣಲು ಕೂತರೂ ಕೈಯಿಂದ ಹೋಗುತ್ತಿರಲಿಲ್ಲ. ಎರಡನೆಯ ದಿನ ಸಂಜೆ ಕಾಲು ತೊಳೆಯುವಾಗ ನೋಡಿದೆ, ನನ್ನ ಬೆಳ್ಳಿಯ ಕಾಲ್ಕಡಗ ಕಪ್ಪಾಗಿತ್ತು. ಅಕ್ಕನ ಕಾಲು ನೋಡಿದೆ, ಅವಳದೂ ಹಾಗೇ. ಅಪ್ಪನ ಉಡಿದಾರದ ಕತೆಯನ್ನು ಅವಳಿಗೆ ಹೇಳಿದೆ. ಕೊಳೆ ಹತ್ತಿದೆ, ಹುಣಸೆಹಣ್ಣು ತಾ, ತಿಕ್ಕಿಕೊಳ್ಳೋಣ ಎಂದಳು.

ಮೂರನೆಯ ದಿನ ಬೆಳಿಗ್ಗೆ ಗರಡಿಗೆ ಏನೂ ಸಿಗದಾಯಿತು. ಉಳಿದದ್ದೆಲ್ಲ ಕಲ್ಲಿನಡಿ ಇತ್ತು. ಇಳಿದು ಕಲ್ಲು ಸರಿಸಬೇಕು. ನಮ್ಮ ಕಡೆ ರಾಗಿ ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುವ ವಾಡಿಕೆ ಉಂಟು. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಹಗೇವಿನ ಮಟ್ಟಿಗೆ ಅದು ಒಳ್ಳೆಯ ವಾಡಿಕೆ, ಎಷ್ಟೋ ಜೀವ ಉಳಿಸಿದೆ. ಮಾವ ಅದನ್ನೇ ಮಾಡಿದರು. ಹಗ್ಗಕ್ಕೆ ಲಾಂದ್ರ ಕಟ್ಟಿ ನೀರಿನ ತನಕ ಬಿಟ್ಟರು. ಅದು ದೇವರ ಮನೆಯಲ್ಲಿದ್ದ ಹಾಗೆ ನೆಟ್ಟಗೆ ಉರಿಯಿತು.

ಯಗಟಿಯಲ್ಲಿ ಚಿಕ್ಕಪ್ಪ ಇಳಿಯುವ ಮುಂಚೆ ಬಿಟ್ಟ ದೀಪವೂ ಹೀಗೇ ಉರಿದಿತ್ತು ಎಂದೆ. ಹೊಸ ಸೊಸೆ ಮಾವನೆದುರು ಬಾಯಿ ತೆರೆದದ್ದೇ ತಪ್ಪು. ತೆರೆದ ಮೇಲೆ ಮುಚ್ಚಿ ಪ್ರಯೋಜನವೇನು, ಪೂರ್ತಿ ಹೇಳಿಬಿಟ್ಟೆ. ಕಾಲ್ಕಡಗ ತೋರಿಸಿದೆ. ಇಳಿಯುವುದೇ ಆದರೆ ಕಂಕುಳಡಿ ಹಗ್ಗ ಕಟ್ಟಿಕೊಂಡು ಇಳಿಯಲಿ, ಮೇಲೆ ಇಬ್ಬರು ಹಿಡಿದಿರಲಿ ಎಂದೆ. ಭಾವ ಒಳ್ಳೆಯ ಮನುಷ್ಯರು, ಸಿಟ್ಟು ಮಾಡಲಿಲ್ಲ, ನಕ್ಕರು. ಹಗ್ಗ ಕಟ್ಟುವುದು ಕರುವಿಗೆ ಎಂದರು. ಬಾವಿಯ ಗೋಡೆಯಿಂದ ಚಾಚಿದ ಮೆಟ್ಟುಗಲ್ಲುಗಳ ಮೇಲೆ ಕಾಲಿಡುತ್ತ ಸರಸರ ಇಳಿದೇಬಿಟ್ಟರು. ಆ ನಗು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಕೊನೆಯ ಕಲ್ಲಿನ ಮೇಲೆ ನಿಂತು ಒಂದು ಗುಂಡುಕಲ್ಲನ್ನು ಎತ್ತಿ ಪಕ್ಕಕ್ಕೆ ಹಾಕಿದರು. ಅಡಿಯ ಕಪ್ಪು ನೀರು ಗುಳುಗುಳು ಎಂದಿತು. ನಾತ ಮೇಲಕ್ಕೆ ಹೊಡೆಯಿತು, ನಾವೆಲ್ಲ ಮೂಗಿಗೆ ಸೆರಗು, ವಲ್ಲಿ ಹಿಡಿದೆವು. ಭಾವ ಮಾತ್ರ ತಲೆಯೆತ್ತಿ, ಮೇಲೆ ನಿಂತಿದ್ದ ತಮ್ಮನಿಗೆ, ಅಂದರೆ ನಮ್ಮವರಿಗೆ, ಹೇಳಿದರು.

"ನಾತ ಹೋಯ್ತು ಕಣೋ. ಈಗ ಏನೂ ಇಲ್ಲ."

ಅದೇ ಕೊನೆಯ ಮಾತು. ಆಯಾಸವಾದವರು ಕೂರುವ ಹಾಗೆ ಮೆಲ್ಲಗೆ ಕಲ್ಲಿನ ಮೇಲೆ ಕೂತರು, ಗೋಡೆಗೆ ಒರಗಿದರು, ತಲೆ ಎದೆಯ ಮೇಲೆ ಬಿತ್ತು.

ನಮ್ಮವರು ಮೆಟ್ಟುಗಲ್ಲಿನ ಕಡೆ ಓಡಿದರು. ಅವರಿಗಿಂತ ಮುಂಚೆ ನಾನು ಓಡಿದ್ದೆ. ಇಳಿಯುವ ಜಾಗದಲ್ಲೇ ಕಟ್ಟೆಯ ಮೇಲೆ ಕೂತು ಎರಡೂ ಕಾಲನ್ನು ಬಾವಿಯೊಳಗೆ ಇಳಿಬಿಟ್ಟೆ. ಹೆಂಗಸು ಬಾವಿಕಟ್ಟೆಯ ಮೇಲೆ ಹಾಗೆ ಕೂರುವುದು ಅಪಶಕುನ. ಇರಲಿ. ನನ್ನನ್ನು ತುಳಿಯದೆ ಯಾರೂ ಇಳಿಯುವ ಹಾಗಿರಲಿಲ್ಲ. ಮಾವ ಬಂದು ನನ್ನ ತೋಳು ಹಿಡಿದೆಳೆದರು.

"ಏಳು ಮ್ಯಾಲೆ. ನನ್ ಮಗ ಸಾಯ್ತಾ ಅವ್ನೆ."

"ಇನ್ನೊಬ್ಬ ಮಗನ್ನೂ ಕಳಿಸ್ತೀರಾ ಮಾವ? ನಾ ಏಳಲ್ಲ. ಗರಡಿ ಬಿಡಿ."

ನಮ್ಮವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನಾನು ಒಂದು ದಿನವೂ ಕೇಳಲಿಲ್ಲ. ಹೋಗಿ ಪಾತಾಳಗರಡಿ ಬಿಟ್ಟರು. ಮೊದಲ ಸಲ ಕೊಕ್ಕೆ ಜಾರಿತು. ಎರಡನೆಯ ಸಲ ಪಂಚೆ ಹರಿದು ಬಂತು. ಮೂರನೆಯ ಸಲ ಸೊಂಟದ ದಟ್ಟಿಗೆ ಸಿಕ್ಕಿತು. ಮೂವರೂ ಸೇರಿ ಎಳೆದೆವು. ನಮ್ಮ ಕೈಯಲ್ಲೇ ಹೊಸೆದ ಹಗ್ಗ, ಬಿಗಿಯಾಗಿ ನಿಂತಿತು. ಭಾವ ಮೇಲೆ ಬಂದರು, ಉಸಿರಿರಲಿಲ್ಲ. ಬೆನ್ನು ತಿಕ್ಕಿದೆವು, ನೀರು ಚಿಮುಕಿಸಿದೆವು, ಕೂಗಿ ಕರೆದೆವು. ಬೆರಳಿನ ಬೆಳ್ಳಿಯುಂಗುರ ಕರ್ರಗಿತ್ತು.

ಒಲೆಯ ಮುಂದಿನಿಂದ ಅಕ್ಕ ಓಡಿ ಬಂದಳು, ಕಂಕುಳಲ್ಲಿ ಎಂಟು ತಿಂಗಳ ಮಗ. ನಡೆದದ್ದನ್ನು ಮಾವ ಹೇಳಿದರು, ನಾನು ಕಟ್ಟೆಯ ಮೇಲೆ ಕೂತದ್ದನ್ನೂ ಸೇರಿಸಿ. ಅವಳು ಅಳಲಿಲ್ಲ.

"ನಿನ್ ಗಂಡನ್ನ ಉಳಿಸ್ಕಂಡೆ ಕಣೇ," ಎಂದಳು ನನಗೆ.

ಮಧ್ಯಾಹ್ನ ಮಹಜರಿಗೆಂದು ಕಂದಾಯದ ಶೇಕ್ದಾರರು ಬಂದರು. ಕಾಲು ಜಾರಿ ಬಿದ್ದು ಸತ್ತರೆಂದು ಬರೆಸಿದರೆ ಸಾಕು, ಮನೆಯ ಮರ್ಯಾದೆ ಉಳಿಯುತ್ತದೆ ಎಂಬುದು ಹಿರಿಯರ ಎಣಿಕೆ. ನಾನು ಬಾಗಿಲ ಮರೆಯಿಂದಲೇ ಹೇಳಿದೆ, ಕಾಲು ಜಾರಲಿಲ್ಲ, ಬಾವಿಯ ಗಾಳಿಗೆ ಸತ್ತರು, ಹಾಗೆ ಬರೆಯದಿದ್ದರೆ ನಾಳೆ ಇನ್ನೊಬ್ಬರು ಇಳಿಯುತ್ತಾರೆ ಎಂದು. ಅವರು ಬರೆದುಕೊಂಡರು. ಆಮೇಲೆ ತರೀಕೆರೆ ಆಸ್ಪತ್ರೆಯ ಡಾಕ್ಟರು ನಮ್ಮವರಿಗೆ ಬಿಡಿಸಿ ಹೇಳಿದರಂತೆ. ಕೊಳೆತದ್ದರಿಂದ ಹುಟ್ಟುವ ಗಂಧಕದ ಗಾಳಿ ಅದು, ದೀಪ ಆರಿಸದೆಯೂ ಮನುಷ್ಯನನ್ನು ಕೊಲ್ಲುತ್ತದೆ, ಜಾಸ್ತಿಯಾದಾಗ ಮೊದಲು ಮೂಗನ್ನೇ ಸಾಯಿಸುತ್ತದೆ. ನಾತ ಹೋಯಿತೆಂದು ಭಾವನಿಗೆ ಅನ್ನಿಸಿದ್ದು ಅದಕ್ಕೇ.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ, ಇಪ್ಪತ್ತು ವರ್ಷ. ಹಿಟ್ಟು ಸೀಯುತ್ತಿದ್ದರೆ ಬೆಕ್ಕಿಗೆ ಹೇಳುವಳು, ನಾನು ಎದ್ದು ಹೋಗಿ ತಿರುವಬೇಕು. ನನ್ನ ತಲೆ ನಾನೇ ಬಾಚಿಕೊಂಡೆ. ಮೊದಲ ಸಲವೇ ಕೊಕ್ಕೆ ಸಿಕ್ಕಿದ್ದರೆ ಭಾವ ಬದುಕುತ್ತಿದ್ದರೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ನಮ್ಮವರನ್ನು ಇಳಿಸಬೇಕಿತ್ತೆಂದು ಒಂದು ಸಲವೂ ಅನ್ನಿಸಿಲ್ಲ. ಊರಲ್ಲಿ ಯಾರು ಬಾವಿಗೆ ಇಳಿಯುತ್ತಾರೆಂದು ಕೇಳಿದರೂ ಹಗ್ಗ ಹೊತ್ತು ಹೋಗುತ್ತಿದ್ದೆ. ಹಳೇ ನೀರು ಸೇದಿ ಚೆಲ್ಲಿ ಎರಡು ದಿನ ಬಿಡಿ, ಬೇವಿನ ಕೊಂಬೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿ, ಎದೆಗೆ ಹಗ್ಗ ಕಟ್ಟಿ, ಇಳಿದವನನ್ನು ಮಾತಾಡಿಸುತ್ತಲೇ ಇರಿ, ಉತ್ತರ ಬರದಿದ್ದರೆ ಎಳೆಯಿರಿ, ನಾತ ನಿಂತಿತು ಎಂದರೂ ಎಳೆಯಿರಿ ಎನ್ನುತ್ತಿದ್ದೆ. ಹಗ್ಗದಮ್ಮ ಬಂದಳು ಎಂದು ಗಂಡಸರು ಆಡಿಕೊಳ್ಳುತ್ತಿದ್ದರು. ಆಡಿಕೊಂಡರು, ಕಟ್ಟಿಕೊಂಡರು. ಕಟ್ಟಿಕೊಳ್ಳದವರ ಮುಂದೆ ಕಟ್ಟೆಯ ಮೇಲೆ ಕೂತೆ.

ಒಂದು ಬೇಸಗೆ ಊರ ಮುಂದಿನ ಬಾವಿಯ ಹೂಳು ತೆಗೆಯುವ ಕೆಲಸ ಬಂತು. ಇಳಿಯಲು ಮುಂದೆ ಬಂದವನು ಅಕ್ಕನ ಮಗ, ಅಪ್ಪನದೇ ಎತ್ತರ, ಅಪ್ಪನದೇ ನಗು. ನಾನು ಹಗ್ಗ ಹಿಡಿದು ಹೋಗುವಷ್ಟರಲ್ಲಿ ಬಾವಿಯ ಸುತ್ತ ಜನ ನೆರೆದಿದ್ದರು. ಮುಂಚೆಯೇ ಯಾರೋ ಕಟ್ಟೆಯ ಮೇಲೆ ಕೂತಿದ್ದರು, ಎರಡೂ ಕಾಲು ಬಾವಿಯೊಳಗೆ ಇಳಿಬಿಟ್ಟು. ಹತ್ತಿರ ಹೋದಾಗ ಗೊತ್ತಾಯಿತು, ಅಕ್ಕ. ಮಗ ಹಗ್ಗ ಬೇಡ ಎಂದನಂತೆ. ಹಾಗಾದರೆ ನನ್ನನ್ನು ತುಳಿದು ಇಳಿ ಎಂದಳಂತೆ.

ಅವನು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ತಲೆ ತಗ್ಗಿಸಿ ಎದೆಗೆ ಸುತ್ತಿಕೊಂಡ. ಅಕ್ಕ ಆಗಲೂ ಏಳಲಿಲ್ಲ. ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಕಟ್ಟೆಯ ಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟಳು.

"ನಿಂತ್ಕಂಡೇ ಇರ್ತೀಯಾ? ಬಾ, ಕೂತ್ಕ. ಅವ್ನು ಮ್ಯಾಲೆ ಬರೋಗಂಟ ಮಾತಾಡ್ಸ್ತಾ ಇರ್ಬೇಕು ಅಂತಿದ್ಯಲ್ಲ."